ಶಿರಸಿಯ ಒಂದು ಪ್ರಕರಣ: ಡೋಸ್ ಏರಿಸಿದರೂ ಇಳಿಯದ ಟಿಎಸ್‌ಎಚ್

47 ಕಿಲೋ ತೂಕದ ಒಬ್ಬ ಹೆಂಗಸು. ಥೈರಾಯ್ಡ್ ಹಾರ್ಮೋನು ಕಡಿಮೆ ಇದ್ದವರಿಗೆ ಕೊಡುವ ಥೈರಾಕ್ಸಿನ್ ಮಾತ್ರೆ, ದಿನಕ್ಕೆ 150 ಮೈಕ್ರೋಗ್ರಾಂ. ಆದರೂ ಟಿಎಸ್‌ಎಚ್ 22. (ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಏರುವ ಇನ್ನೊಂದು ಹಾರ್ಮೋನು ಟಿಎಸ್‌ಎಚ್; ಮಾತ್ರೆ ಸಾಕಾದರೆ ಅದು ಇಳಿಯಬೇಕು.) ಈ ಮೂರು ಅಂಕಿ ಒಂದೇ ಹಾಳೆಯಲ್ಲಿ ಇದ್ದಿದ್ದರೆ ಯಾವ ಡಾಕ್ಟರಿಗಾದರೂ ಸಂಶಯ ಬರುತ್ತಿತ್ತು. ಆದರೆ ತೂಕ ಒಂದು ಚೀಟಿಯಲ್ಲಿತ್ತು, ಡೋಸ್ ಇನ್ನೊಂದರಲ್ಲಿತ್ತು, ಟಿಎಸ್‌ಎಚ್ ಲ್ಯಾಬ್ ಕೊಟ್ಟ ಕವರಿನೊಳಗೆ ಇತ್ತು. ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ನಾನು ಶಿರಸಿಯಲ್ಲಿ ಔಷಧಿ ಅಂಗಡಿ ನಡೆಸುವ ಫಾರ್ಮಸಿಸ್ಟ್. ರೋಗ ಯಾವುದೆಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಒಬ್ಬರು ಮೂರ್ನಾಲ್ಕು ಕಡೆ ತೋರಿಸಿಕೊಂಡರೂ ಮಾತ್ರೆ ಮಾತ್ರ ಒಂದೇ ಅಂಗಡಿಯಲ್ಲಿ ತಗೊಳ್ಳುತ್ತಾರೆ. ಹಾಗಾಗಿ ಎಲ್ಲರ ಚೀಟಿಯೂ ಬಂದು ಸೇರುವ ಜಾಗ ನಮ್ಮ ಕೌಂಟರ್. ಈ ಅಕ್ಕ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಹಾಕಿಲ್ಲ.

ಅವರಿಗೆ 41 ವರ್ಷ. ಶಿರಸಿ ತಾಲೂಕಿನ ಹಳ್ಳಿ, ಅಡಿಕೆ ತೋಟದ ಮನೆ. ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾಗಿ ಆರು ವರ್ಷ ಆಗಿತ್ತು. ಆಗಲೇ ಆಂಟಿ-ಟಿಪಿಒ ಪರೀಕ್ಷೆ ಪಾಸಿಟಿವ್ ಬಂದಿತ್ತು. ಅಂದರೆ ದೇಹದ ರೋಗ ನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಹಶಿಮೊಟೊ ಎಂಬ ತೊಂದರೆ. ಇದು ತೀರಾ ಸಾಮಾನ್ಯ. ಮೊದಲು 50, ಆಮೇಲೆ 75 ಮೈಕ್ರೋಗ್ರಾಂ. ಮೂರು ವರ್ಷಕ್ಕಿಂತ ಜಾಸ್ತಿ ಕಾಲ 75ರಲ್ಲೇ ಎಲ್ಲ ಸರಿಯಿತ್ತು. ಟಿಎಸ್‌ಎಚ್ 2ರಿಂದ 3ರ ನಡುವೆ ಇರುತ್ತಿತ್ತು.

ಆಮೇಲೆ ಏರಲು ಶುರುವಾಯಿತು. 7 ಬಂತು, ಡೋಸ್ 100 ಆಯಿತು. 11 ಬಂತು, 125 ಆಯಿತು. 16 ಬಂತು, 150 ಆಯಿತು. ಅದರ ಮೇಲೂ 22. ಪ್ರತಿ ಸಲವೂ ಅವರಿಗೆ ಸಿಕ್ಕಿದ ಮಾತು ಒಂದೇ: ಮಾತ್ರೆ ಸರಿಯಾಗಿ ತಗೊಳ್ತಾ ಇಲ್ಲ ನೀವು.

"ದಿನಾ ಬೆಳಗ್ಗೆ ಎದ್ದ ಕೂಡ್ಲೆ ತಗೊಳ್ತೆ ತಮಾ. ಯಾರೂ ನಂಬೂದಿಲ್ಲ" ಎಂದು ಕೌಂಟರ್ ಎದುರು ನಿಂತು ಹೇಳಿದಾಗ ಅವರ ಕಣ್ಣಲ್ಲಿ ನೀರಿತ್ತು.

ನನಗೆ ನಂಬಲು ಒಂದು ಕಾರಣ ಇತ್ತು. ಬಿಲ್ಲುಗಳು. ಒಂದು ಡಬ್ಬಿ ಮುಗಿಯುವ ಹೊತ್ತಿಗೆ ಸರಿಯಾಗಿ ಇನ್ನೊಂದು ಡಬ್ಬಿ ಕೊಂಡಿದ್ದರು. ಮಾತ್ರೆ ಬಿಡುವವರ ಲೆಕ್ಕ ಹೀಗಿರುವುದಿಲ್ಲ. ಕೊಂಡವರೆಲ್ಲ ನುಂಗುತ್ತಾರೆ ಎಂದು ಬಿಲ್ಲು ಹೇಳುವುದಿಲ್ಲ, ಅದು ಸರಿ. ಆದರೆ ಮಾತ್ರೆ ಬಿಟ್ಟವರ ರಿಪೋರ್ಟಿನಲ್ಲಿ ಇನ್ನೊಂದು ಗುರುತು ಇರುತ್ತದೆ. ತಿಂಗಳುಗಟ್ಟಲೆ ಬಿಟ್ಟು, ರಕ್ತ ಕೊಡುವ ನಾಲ್ಕು ದಿನ ಮೊದಲು ತಗೊಂಡರೆ ಫ್ರೀ ಟಿ4 (ರಕ್ತದಲ್ಲಿರುವ ಥೈರಾಕ್ಸಿನ್‌ನ ಅಳತೆ) ಸರಿಯಾಗಿಯೋ ಜಾಸ್ತಿಯೋ ಕಾಣುತ್ತದೆ, ಟಿಎಸ್‌ಎಚ್ ಮಾತ್ರ ಮೇಲೆಯೇ ಉಳಿದಿರುತ್ತದೆ. ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಆರು ವಾರ ಬೇಕು. ಈ ಅಕ್ಕನದು ಹಾಗಿರಲಿಲ್ಲ. ಟಿ4 ಕೂಡ ಕಡಿಮೆಯೇ ಇತ್ತು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಥೈರಾಯ್ಡ್ ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದರೂ ದೊಡ್ಡವರಿಗೆ ಬೇಕಾಗುವುದು ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ. 47 ಕಿಲೋಗೆ ಅದು 75. ಇವರು ತಗೊಳ್ಳುತ್ತಿದ್ದದ್ದು ಅದರ ಎರಡು ಪಟ್ಟು. ಗ್ರಂಥಿ ಸೊನ್ನೆಗಿಂತ ಕೆಳಗೆ ಹೋಗಲು ಸಾಧ್ಯವಿಲ್ಲ. ಹಾಗಾದರೆ ಉಳಿದ ಔಷಧಿ ಹೋಗಿದ್ದೆಲ್ಲಿ?

ಟಿಎಸ್‌ಎಚ್ ಸುಳ್ಳು ಹೇಳುತ್ತಿರಲಿಲ್ಲ. ರಕ್ತದಲ್ಲಿ ಹಾರ್ಮೋನು ಕಡಿಮೆ ಇದೆ ಎಂದು ಅದು ಹೇಳಿತು, ಅದು ನಿಜವೇ ಆಗಿತ್ತು. ಯಾಕೆ ಕಡಿಮೆ ಎಂದು ಅದಕ್ಕೆ ಗೊತ್ತಿಲ್ಲ. ತೋಟದ ಕೊನೆಯ ಮರಕ್ಕೆ ನೀರು ತಲುಪದಿದ್ದರೆ ಪಂಪು ಇನ್ನೂ ಜಾಸ್ತಿ ಹೊತ್ತು ಓಡಿಸುತ್ತಾ ಕೂರುವುದಿಲ್ಲ, ಪೈಪು ಎಲ್ಲಿ ಒಡೆದಿದೆ ಎಂದು ನೋಡುತ್ತೇವೆ. ಎರಡು ವರ್ಷ ಇಲ್ಲಿ ಪಂಪೇ ಓಡಿತ್ತು.

ಮೊದಲು ನೋಡಿದ್ದು ಅಡುಗೆಮನೆ

ಥೈರಾಕ್ಸಿನ್ ಬಹಳ ಸೂಕ್ಷ್ಮದ ಮಾತ್ರೆ. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ತಗೊಂಡರೂ ನುಂಗಿದ್ದರಲ್ಲಿ ಶೇಕಡಾ 60ರಿಂದ 80ರಷ್ಟೇ ರಕ್ತಕ್ಕೆ ಸೇರುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಹಾಲು, ಕಾಫಿ, ಸೋಯಾ ಇವೆಲ್ಲ ಅದನ್ನು ಇನ್ನೂ ಕಡಿಮೆ ಮಾಡುತ್ತವೆ. ಗ್ಯಾಸಿಗೆ ಎಂದು ತಗೊಳ್ಳುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯೂ ಹಾಗೆಯೇ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಥೈರಾಕ್ಸಿನ್ ಸರಿಯಾಗಿ ಕರಗುವುದಿಲ್ಲ.

ನಾನು ಕೇಳುತ್ತಾ ಹೋದೆ. ಮಾತ್ರೆ ತಗೊಂಡು ಎಷ್ಟು ಹೊತ್ತಿಗೆ ಏನು ಕುಡಿಯುತ್ತೀರಿ? ನಮ್ಮ ಕಡೆ ಬೆಳಗ್ಗೆ ಕಷಾಯ. ಕೊತ್ತಂಬರಿ, ಜೀರಿಗೆ, ಬೆಲ್ಲ, ಜೊತೆಗೆ ಧಾರಾಳ ಹಾಲು. ಅವರು ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಕಷಾಯ ಕುಡಿಯುತ್ತಿದ್ದರು. ಅದರ ಹಿಂದೆಯೇ ಕಬ್ಬಿಣದ ಮಾತ್ರೆ. ಇನ್ನೊಂದು ಸಂಗತಿಯೂ ಸಿಕ್ಕಿತು. ಮಾತ್ರೆಗಳನ್ನು ಮೂಲ ಡಬ್ಬಿಯಿಂದ ತೆಗೆದು ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಒಲೆ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು. ಶಿರಸಿಯ ಮಳೆಗಾಲದಲ್ಲಿ ಉಪ್ಪೂ ನೀರಾಗುತ್ತದೆ. ತೇವ, ಬಿಸಿ, ಬೆಳಕು ಮೂರೂ ಥೈರಾಕ್ಸಿನ್‌ಗೆ ಆಗಿ ಬರುವುದಿಲ್ಲ.

ಎಲ್ಲವನ್ನೂ ಸರಿ ಮಾಡಿದೆವು. ಹೊಸ ಡಬ್ಬಿ, ಅದರೊಳಗೇ ಮಾತ್ರೆ. ಮಾತ್ರೆ ಆಗಿ ಒಂದು ತಾಸಿನ ಮೇಲೆ ಕಷಾಯ. ಕಬ್ಬಿಣದ ಮಾತ್ರೆ ಸಂಜೆಗೆ ಹೋಯಿತು, ಏಕೆಂದರೆ ಅದಕ್ಕೂ ಥೈರಾಕ್ಸಿನ್‌ಗೂ ಕನಿಷ್ಠ ನಾಲ್ಕು ತಾಸಿನ ಅಂತರ ಬೇಕು. ಹೆಚ್ಚಿನವರಿಗೆ ಇಷ್ಟರಲ್ಲೇ ಟಿಎಸ್‌ಎಚ್ ಇಳಿಯುತ್ತದೆ. ಅದನ್ನು ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಎರಡು ತಿಂಗಳು ಬಿಟ್ಟು ಪರೀಕ್ಷೆ ಮಾಡಿಸಿದರು. 19 ಬಂತು. ಮೂರು ಅಂಕಿ ಇಳಿದಿದ್ದು ಖುಷಿ ಪಡುವ ವಿಷಯವೇನಲ್ಲ. ಸೋರಿಕೆ ಬೇರೆ ಕಡೆ ಇತ್ತು.

ಅಷ್ಟರಲ್ಲಿ ನನಗೆ ಇನ್ನೊಂದು ವಿಷಯ ಕಾಡಲು ಶುರುವಾಗಿತ್ತು. ಥೈರಾಯ್ಡ್ ಕಡಿಮೆ ಇದ್ದವರು ಸಾಮಾನ್ಯವಾಗಿ ದಪ್ಪ ಆಗುತ್ತಾರೆ, ಮಲಬದ್ಧತೆ ಇರುತ್ತದೆ. ಇವರದು ಪೂರ್ತಿ ಉಲ್ಟಾ. ಎರಡು ವರ್ಷದಲ್ಲಿ 54 ಕಿಲೋದಿಂದ 47ಕ್ಕೆ ಇಳಿದಿದ್ದರು. ಆಗಾಗ ಹೊಟ್ಟೆ ಕೆಟ್ಟು ಭೇದಿ. ಬಾಯಲ್ಲಿ ಹುಣ್ಣು. ಹಿಮೋಗ್ಲೋಬಿನ್ 8.4, ಅದೂ ತಿಂಗಳುಗಟ್ಟಲೆ ಕಬ್ಬಿಣ ನುಂಗಿದ ಮೇಲೆ. ಥೈರಾಕ್ಸಿನ್ ಒಂದೇ ಸೇರದಿದ್ದರೆ ಬೇರೆ ಮಾತು. ಕಬ್ಬಿಣವೂ ಸೇರುತ್ತಿಲ್ಲ, ಅನ್ನವೂ ಮೈಗೆ ಹತ್ತುತ್ತಿಲ್ಲ ಅಂದರೆ ಕರುಳನ್ನೇ ನೋಡಬೇಕು, ಅಲ್ವಾ?

ಡಬ್ಬಿ, ಡೋಸ್, ತೂಕ, ಟಿಎಸ್‌ಎಚ್, ಹಿಮೋಗ್ಲೋಬಿನ್ ಎಲ್ಲವನ್ನೂ ತಾರೀಖಿನ ಸಮೇತ ಒಂದೇ ಹಾಳೆಯಲ್ಲಿ ಬರೆದು ಕೊಟ್ಟೆ. ಪೇಟೆಯಲ್ಲಿ ಒಬ್ಬ ಹಿರಿಯ ಫಿಜಿಶಿಯನ್ ಇದ್ದಾರೆ, ಅವರಿಗೆ ತೋರಿಸಲು ಹೇಳಿದೆ. ಅವರು ಹಾಳೆ ನೋಡಿ ಕೇಳಿದ ಮೊದಲ ಪ್ರಶ್ನೆ ಥೈರಾಯ್ಡ್ ಬಗ್ಗೆ ಇರಲಿಲ್ಲ. "ಮನೇಲಿ ಗೋಧಿ ಎಷ್ಟು ತಿಂತೀರಿ?"

ಅನ್ನದ ಸೀಮೆಯಲ್ಲಿ ಗೋಧಿ

ಸೀಲಿಯಾಕ್ ಎಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿಗೆ ದೇಹ ತಿರುಗಿ ಬೀಳುವ ಕಾಯಿಲೆ. ಅದು ಅಲರ್ಜಿಯಲ್ಲ. ಗ್ಲುಟೆನ್ ಒಳಗೆ ಬಂದಾಗ ರೋಗ ನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರಕ್ಕೇ ಹಾನಿ ಮಾಡುತ್ತದೆ. ಆ ಪದರದಲ್ಲಿ ಬೆರಳಿನಂಥ ಸಣ್ಣ ಸಣ್ಣ ಚಾಚುಗಳಿರುತ್ತವೆ. ಆಹಾರ, ಔಷಧಿ ಎಲ್ಲ ರಕ್ತಕ್ಕೆ ಸೇರುವುದು ಅವುಗಳ ಮೂಲಕ. ಅವು ಸವೆದು ಚಪ್ಪಟೆಯಾದರೆ ಹೀರುವ ಜಾಗವೇ ಕಡಿಮೆಯಾಗುತ್ತದೆ. ಹಾನಿ ಜಾಸ್ತಿ ಆಗುವುದು ಕರುಳಿನ ಮೇಲ್ಭಾಗದಲ್ಲಿ. ಕಬ್ಬಿಣ ಹೀರುವುದೂ ಅಲ್ಲೇ. ಥೈರಾಕ್ಸಿನ್ ಹೀರುವುದು ಅಲ್ಲಿಂದ ಸ್ವಲ್ಪ ಕೆಳಗೆ.

ನಮ್ಮ ಕಡೆ ಇದು ಬೇಗ ನೆನಪಿಗೆ ಬರುವುದಿಲ್ಲ. ಇದು ಪಂಜಾಬು, ಹರಿಯಾಣದ ಕಾಯಿಲೆ ಎಂಬ ಭಾವನೆ ಇದೆ. ಅದರಲ್ಲಿ ಸತ್ಯವೂ ಇದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಶೇಕಡಾ 1.23 ಜನರಲ್ಲಿ ಸೀಲಿಯಾಕ್ ಕಂಡರೆ, ದಕ್ಷಿಣದಲ್ಲಿ ಶೇಕಡಾ 0.10 ಅಷ್ಟೇ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಈ ಕಾಯಿಲೆಗೆ ಬೇಕಾದ ವಂಶವಾಹಿ ಗುರುತು, ಎಚ್‌ಎಲ್‌ಎ-ಡಿಕ್ಯು2 ಅಥವಾ ಡಿಕ್ಯು8, ಉತ್ತರದವರಲ್ಲೂ ದಕ್ಷಿಣದವರಲ್ಲೂ ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದಲ್ಲಿ ಗೋಧಿ, ಇಲ್ಲಿ ಅನ್ನ.

ಈಗ ನಮ್ಮ ತಟ್ಟೆ ಬದಲಾಗಿದೆ. ಈ ಅಕ್ಕನ ಮನೆಯಲ್ಲಿ ಬದಲಾದದ್ದು ಮೂರು ವರ್ಷದ ಹಿಂದೆ. ಗಂಡನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ ಎಂದರು. ಒಬ್ಬರಿಗೆ ಚಪಾತಿ, ಉಳಿದವರಿಗೆ ಅನ್ನ ಎಂದು ಎರಡು ಅಡುಗೆ ಯಾರು ಮಾಡುತ್ತಾರೆ? ಇಡೀ ಮನೆಗೆ ಚಪಾತಿ. ಬೆಳಗ್ಗೆ ಅಕ್ಕಿಯ ತೆಳು ದೋಸೆಯಾದ ತೆಳ್ಳೇವಿನ ಜಾಗಕ್ಕೆ ಗೋಧಿ ದೋಸೆ, ಇಲ್ಲದಿದ್ದರೆ ಗೋಧಿ ರವೆ ಉಪ್ಪಿಟ್ಟು. ಅದೇ ಸುಮಾರಿಗೆ ಟಿಎಸ್‌ಎಚ್ ಏರಲು ಶುರುವಾಗಿತ್ತು. ಗೋಧಿ ಜಾಸ್ತಿ ತಿಂದದ್ದೇ ಕಾಯಿಲೆ ತಂದಿತು ಎಂದು ಹೇಳಲಾಗದು ಎಂದು ಡಾಕ್ಟರ್ ಸ್ಪಷ್ಟವಾಗಿ ಹೇಳಿದರು. ಸೀಲಿಯಾಕ್ ಯಾವ ವಯಸ್ಸಿನಲ್ಲೂ ಕಾಣಿಸಿಕೊಳ್ಳಬಹುದು. ಆದರೆ ಹಶಿಮೊಟೊ ಇದ್ದವರಲ್ಲಿ ಸೀಲಿಯಾಕ್ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಎರಡೂ ಒಂದೇ ಜಾತಿಯ ಕಾಯಿಲೆಗಳು.

ಇದನ್ನು ಕೇಳಿದ್ದೇ ಗಂಡ ಮೊಬೈಲಿನಲ್ಲಿ ವಿಡಿಯೋ ನೋಡಿ, ನಾಳೆಯಿಂದಲೇ ಗೋಧಿ ಬಂದ್ ಎಂದರು. ಡಾಕ್ಟರ್ ತಡೆದರು. ಈ ಪ್ರಕರಣದಲ್ಲಿ ತುಂಬಾ ಮುಖ್ಯವಾದ ಮಾತು ಇದು ಎಂದು ನನಗೆ ಅನಿಸುತ್ತದೆ. ಸೀಲಿಯಾಕ್ ರಕ್ತ ಪರೀಕ್ಷೆ ಹುಡುಕುವುದು ಗ್ಲುಟೆನ್ ತಿಂದಾಗ ದೇಹ ಮಾಡುವ ಆಂಟಿಬಾಡಿಯನ್ನು. ಗೋಧಿ ಬಿಟ್ಟರೆ ಅದು ನಿಧಾನಕ್ಕೆ ಇಳಿಯುತ್ತದೆ, ಕರುಳೂ ಚೇತರಿಸಿಕೊಳ್ಳುತ್ತದೆ. ಆಮೇಲೆ ಪರೀಕ್ಷೆ ಮಾಡಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಟಿಟಿಜಿ-ಐಜಿಎ ಎಂಬ ಪರೀಕ್ಷೆ, ಅದರ ಜೊತೆಗೆ ಒಟ್ಟು ಐಜಿಎ. ಎರಡನೆಯದನ್ನು ಬಿಡಬಾರದು. ಕೆಲವರ ದೇಹದಲ್ಲಿ ಐಜಿಎ ಎಂಬ ಆಂಟಿಬಾಡಿಯೇ ಇರುವುದಿಲ್ಲ, ಅಂಥವರಲ್ಲಿ ಮೊದಲ ಪರೀಕ್ಷೆ ಸುಳ್ಳು ನೆಗೆಟಿವ್ ಬರುತ್ತದೆ. ಸೀಲಿಯಾಕ್ ಇರುವವರಲ್ಲಿ ಈ ಕೊರತೆ ಬೇರೆಯವರಿಗಿಂತ ಹೆಚ್ಚು. ಅಡ್ರಿನಲ್ ಗ್ರಂಥಿಯ ಹಾರ್ಮೋನು ಕಾರ್ಟಿಸೋಲ್‌ನ ಬೆಳಗಿನ ಪರೀಕ್ಷೆಯನ್ನೂ ಬರೆದರು. ತೂಕ ಇಳಿಯುತ್ತಾ ಟಿಎಸ್‌ಎಚ್ ಏರಿದರೆ ಅಡ್ರಿನಲ್ ಗ್ರಂಥಿಯ ಕೊರತೆಯೂ ಇರಬಹುದು. ಅದು ಇದ್ದೂ ಥೈರಾಕ್ಸಿನ್ ಏರಿಸುತ್ತಾ ಹೋದರೆ ಜೀವಕ್ಕೇ ಅಪಾಯ. ಕಾರ್ಟಿಸೋಲ್ ಸರಿಯಾಗಿಯೇ ಬಂತು.

ಥೈರಾಯ್ಡ್ ಪರೀಕ್ಷೆಯಲ್ಲೂ ಒಂದು ಬದಲಾವಣೆ ಮಾಡಿದರು. ಅಲ್ಲಿಯವರೆಗೆ ಮಾಡಿಸಿದ್ದೆಲ್ಲ ಪ್ಯಾಕೇಜಿನ ಟಿ3, ಟಿ4, ಟಿಎಸ್‌ಎಚ್. ಆ ಟಿ4 ಎಂದರೆ ಒಟ್ಟು ಟಿ4. ರಕ್ತದ ಪ್ರೋಟೀನಿಗೆ ಅಂಟಿಕೊಂಡದ್ದೂ ಅದರಲ್ಲಿ ಸೇರಿರುತ್ತದೆ. ಕರುಳು ಹಾಳಾಗಿ ಪ್ರೋಟೀನೇ ಕಡಿಮೆಯಾದವರಲ್ಲಿ ಒಟ್ಟು ಟಿ4 ಸುಮ್ನೆ ಕಡಿಮೆ ಕಾಣಬಹುದು. ಇವರ ರಕ್ತದ ಪ್ರೋಟೀನಾದ ಆಲ್ಬುಮಿನ್ 3.0 ಇತ್ತು, ಅಂದರೆ ಕಡಿಮೆ. ಅದಕ್ಕೇ ಪ್ರೋಟೀನಿಗೆ ಅಂಟದ ಭಾಗವನ್ನಷ್ಟೇ ಅಳೆಯುವ ಫ್ರೀ ಟಿ4 ಬೇಕು ಎಂದರು. ಅದೂ 0.6 ಬಂತು, 0.9ರಿಂದ 1.7 ಇರಬೇಕಾದ ಕಡೆ. ಅಂದರೆ ಕೊರತೆ ನಿಜವಾದದ್ದೇ.

ಟಿಟಿಜಿ 20ರ ಕೆಳಗೆ ಇರಬೇಕಾದದ್ದು 200 ದಾಟಿತ್ತು. ಒಟ್ಟು ಐಜಿಎ ಸರಿ ಇತ್ತು. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 4, ತೀರಾ ಕಡಿಮೆ.

ಖಚಿತ ಮಾಡಿಕೊಳ್ಳಲು ಎಂಡೋಸ್ಕೋಪಿ ಮಾಡಿ ಕರುಳಿನ ತುಣುಕು ತೆಗೆಯಬೇಕು. ಅದಕ್ಕೆ ಹುಬ್ಬಳ್ಳಿಗೆ ಹೋಗಿ ಬಂದರು. ಸುಮಾರು ನೂರು ಕಿಲೋಮೀಟರ್ ದೂರ. ಕಾರವಾರದವರು ಗೋವಾಕ್ಕೆ, ಭಟ್ಕಳ-ಹೊನ್ನಾವರದವರು ಮಣಿಪಾಲಕ್ಕೋ ಮಂಗಳೂರಿಗೋ, ನಾವು ಹುಬ್ಬಳ್ಳಿಗೆ. ಈ ಜಿಲ್ಲೆಯ ಜನ ದೊಡ್ಡ ಪರೀಕ್ಷೆ ಎಂದರೆ ಬಸ್ಸು ಹತ್ತಲೇಬೇಕು. ಕಾಯಿಲೆ ತಡವಾಗಿ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ರಿಪೋರ್ಟಿನಲ್ಲಿ ಮಾರ್ಷ್ 3ಬಿ ಎಂದು ಬಂತು. ಚಾಚುಗಳು ಎದ್ದು ಕಾಣುವಷ್ಟು ಸವೆದಿದ್ದವು.

ಇಂಗು, ಗಿರಣಿ, ಪ್ರಸಾದ

ಔಷಧಿ ಇಲ್ಲದ ಕಾಯಿಲೆ ಇದು. ಪಥ್ಯವೇ ಔಷಧಿ, ಅದೂ ಜೀವನಪೂರ್ತಿ. ನಮ್ಮ ಪುಣ್ಯಕ್ಕೆ ಈ ಸೀಮೆಯ ಅಡುಗೆಯಲ್ಲಿ ಗೋಧಿ ಇಲ್ಲದ ತಿಂಡಿ ಬೇಕಾದಷ್ಟಿದೆ. ತೆಳ್ಳೇವು, ಅಕ್ಕಿ ರೊಟ್ಟಿ, ಕಡುಬು, ಪತ್ರೊಡೆ, ತೊಡದೇವು ಎಲ್ಲವೂ ಅಕ್ಕಿಯದ್ದೇ. ಗಂಡನ ಸಕ್ಕರೆಗೆ ಜೋಳದ ರೊಟ್ಟಿ ಮಾಡಿದರಾಯಿತು. ಹಾಗಾಗಿ ಚಪಾತಿ ಬಿಡುವುದು ಸುಲಭವಾಯಿತು. ಕಷ್ಟ ಆದದ್ದು ಕಣ್ಣಿಗೆ ಕಾಣದ ಗೋಧಿ.

ಮೊದಲನೆಯದು ಇಂಗು. ಅಂಗಡಿಯಲ್ಲಿ ಸಿಗುವ ಇಂಗು ಅಪ್ಪಟ ಇಂಗಲ್ಲ. ಅದರ ಘಾಟು ತಡೆಯಲಾಗದ್ದರಿಂದ ಹಿಟ್ಟು ಬೆರೆಸಿರುತ್ತಾರೆ, ಹೆಚ್ಚಿನ ಬ್ರಾಂಡುಗಳಲ್ಲಿ ಅದು ಗೋಧಿ ಹಿಟ್ಟು ಅಥವಾ ಮೈದಾ. ಅಪ್ಪೆಹುಳಿಯಿಂದ ಉಪ್ಪಿನಕಾಯಿವರೆಗೆ ಇಂಗು ಬೀಳದ ಪದಾರ್ಥ ನಮ್ಮಲ್ಲಿ ಯಾವುದಿದೆ? ಪಥ್ಯ ಶುರುವಾದ ಮೊದಲ ತಿಂಗಳು ಭೇದಿ ಪೂರ್ತಿ ನಿಲ್ಲದಿದ್ದಾಗ ಸಿಕ್ಕಿಬಿದ್ದದ್ದು ಇದೇ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಚೀಟಿ ಓದಿ ತಗೊಳ್ಳಬೇಕು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಗ್ಲುಟೆನ್-ಫ್ರೀ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದು.

ಎರಡನೆಯದು ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ಅಕ್ಕಿ ಬೀಸಿದರೆ ಮೊದಲು ಬೀಳುವ ಹಿಟ್ಟಿನಲ್ಲಿ ಗೋಧಿಯೂ ಇರುತ್ತದೆ. ಅವರು ಅಕ್ಕಿ ನೆನೆಸಿ ಮನೆಯ ಮಿಕ್ಸಿಯಲ್ಲೇ ರುಬ್ಬಲು ಶುರು ಮಾಡಿದರು. ಕಾರವಾರ, ಅಂಕೋಲಾ ಕಡೆಯ ಓದುಗರಿಗೆ ಇಲ್ಲೇ ಒಂದು ಮಾತು: ಹೋಟೆಲಿನ ಮೀನು ಫ್ರೈಗೆ ಹಚ್ಚುವ ರವೆ ಗೋಧಿಯದ್ದು. ನೀವು ರವೆ ಬೇಡ ಎಂದರೂ ಕರಿಯುವ ಎಣ್ಣೆ ಅದೇ ಆಗಿರುತ್ತದೆ.

ಎಲ್ಲಕ್ಕಿಂತ ಕಷ್ಟ ಪ್ರಸಾದ. ಸತ್ಯನಾರಾಯಣ ಪೂಜೆಯ ಸಪಾತ ಭಕ್ಷ್ಯ ರವೆಯದ್ದು. ಒಂದು ಚಮಚ ತಾನೇ, ದೇವರ ಪ್ರಸಾದದಿಂದ ಏನಾಗ್ತದೆ ಎಂದು ಹಿರಿಯರು ಕೈಗೆ ಹಾಕುತ್ತಾರೆ. ಬೇಡ ಎಂದರೆ ಅಹಂಕಾರ ಎನ್ನುತ್ತಾರೆ. ಒಂದು ಚಮಚದಿಂದಲೂ ಆಗುತ್ತದೆ. ಹೊಟ್ಟೆ ನೋವು ಬರದಿದ್ದರೂ ಕರುಳಿಗೆ ಹಾನಿ ಆಗುತ್ತದೆ. ಇವರ ಅತ್ತೆಯವರು ಇದನ್ನು ಬಹಳ ಚೆನ್ನಾಗಿ ಬಗೆಹರಿಸಿದರು. ಈಗ ಅವರ ಮನೆಯ ಪೂಜೆಯಲ್ಲಿ ಸೊಸೆಗೆಂದು ಬಾಳೆಹಣ್ಣು, ಸಕ್ಕರೆ, ತುಪ್ಪದ ಪ್ರಸಾದ ಬೇರೆ ನೈವೇದ್ಯ ಆಗುತ್ತದೆ. ಆ ಅಮ್ಮನ ಬಗ್ಗೆ ನನಗೆ ತುಂಬಾ ಗೌರವ.

ನನ್ನ ಪಾಲಿನ ಕೆಲಸ ಮಾತ್ರೆಗಳೊಳಗೆ ಏನಿದೆ ಎಂದು ನೋಡುವುದು. ಮಾತ್ರೆಗೆ ಗಟ್ಟಿ ಬರಲು ಪಿಷ್ಟ ಹಾಕುತ್ತಾರೆ. ಹೆಚ್ಚಿನವು ಗೋವಿನಜೋಳದ ಪಿಷ್ಟ, ಅದರಿಂದ ತೊಂದರೆ ಇಲ್ಲ. ಆದರೂ ಅವರು ತಗೊಳ್ಳುವ ಒಂದೊಂದನ್ನೂ ಕಂಪನಿಗೆ ಕೇಳಿ ಖಾತ್ರಿ ಮಾಡಿಕೊಂಡೆ.

ಮೂರು ತಿಂಗಳಾಗುವಷ್ಟರಲ್ಲಿ ಭೇದಿ ನಿಂತಿತು. ತೂಕ ಏರಿತು. ಟಿಎಸ್‌ಎಚ್ 19ರಿಂದ 9ಕ್ಕೆ, ಆಮೇಲೆ 2.2ಕ್ಕೆ ಬಂತು. ಡೋಸ್ ಅದೇ 150. ಮಾತ್ರೆ ಒಂದು ಮೈಕ್ರೋಗ್ರಾಂ ಏರಿಸದೆ ಇಳಿದಿತ್ತು. ಇಲ್ಲಿ ಡಾಕ್ಟರ್ ಒಂದು ಎಚ್ಚರಿಕೆ ಕೊಟ್ಟರು. ಕರುಳು ಗುಣವಾಗುತ್ತಾ ಹೋದ ಹಾಗೆ ಅದೇ ಮಾತ್ರೆ ಜಾಸ್ತಿಯಾಗುತ್ತದೆ. ಹಾಗಾಗಿ 125ಕ್ಕೆ ಇಳಿಸಿದರು.

ಎರಡನೇ ಸಲ ದಾರಿ ತಪ್ಪಿಸಿದ ರಿಪೋರ್ಟ್

ಇಲ್ಲಿಗೇ ಕತೆ ಮುಗಿದಿದ್ದರೆ ನಾನು ಬಹುಶಃ ಬರೆಯುತ್ತಿರಲಿಲ್ಲ.

ಕರುಳು ಸುಧಾರಿಸಿದರೂ ಕೂದಲು ಉದುರುವುದು ನಿಂತಿರಲಿಲ್ಲ. ಕೂದಲು ಹಾಗೆಯೇ. ದೇಹ ಸರಿಯಾದ ಮೇಲೂ ತಿಂಗಳುಗಟ್ಟಲೆ ಹಿಂದೆ ಉಳಿಯುತ್ತದೆ. ಬೆಂಗಳೂರಿನ ತಂಗಿಯ ಮಗಳು ಆನ್‌ಲೈನ್‌ನಲ್ಲಿ ಕೂದಲಿನ ಮಾತ್ರೆ ತರಿಸಿ ಕೊಟ್ಟಳು. ಬಯೋಟಿನ್, ಒಂದರಲ್ಲಿ 10,000 ಮೈಕ್ರೋಗ್ರಾಂ. ಬೇಗ ಗುಣವಾಗಲಿ ಎಂದು ಇವರು ದಿನಕ್ಕೆ ಎರಡು ತಗೊಳ್ಳುತ್ತಿದ್ದರು. ದೊಡ್ಡವರಿಗೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ನಮ್ಮ ಅಂಗಡಿಯಲ್ಲಿ ಕೊಂಡದ್ದಲ್ಲವಾದ್ದರಿಂದ ನನಗೆ ಗೊತ್ತಾಗಲಿಲ್ಲ. ವಿಟಮಿನ್ ಅಲ್ವಾ ಎಂದು ಡಾಕ್ಟರಿಗೂ ಅವರು ಹೇಳಿರಲಿಲ್ಲ.

ಮದುವೆಗೆ ಬೆಂಗಳೂರಿಗೆ ಹೋದಾಗ, ಬಂದದ್ದೇ ಆಯಿತಲ್ಲ ಎಂದು ಅಲ್ಲಿನ ಲ್ಯಾಬ್‌ನಲ್ಲಿ ರಕ್ತ ಕೊಟ್ಟರು. ಟಿಎಸ್‌ಎಚ್ 0.02. ಫ್ರೀ ಟಿ4 2.4. ಅಲ್ಲೇ ಒಂದು ಕ್ಲಿನಿಕ್‌ನಲ್ಲಿ ತೋರಿಸಿದರು. ಥೈರಾಯ್ಡ್ ಈಗ ವಿಪರೀತ ಜಾಸ್ತಿಯಾಗಿದೆ, ಮಾತ್ರೆ ಪೂರ್ತಿ ನಿಲ್ಲಿಸಿ ಎಂದರು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಇರಬಹುದು, ಅದರ ಆಂಟಿಬಾಡಿ ಪರೀಕ್ಷೆಯೂ ಮಾಡಿಸಿ ಎಂದರು.

ಸಂಜೆ ನನಗೆ ಫೋನ್ ಬಂತು. "ಆಗ ಕಡಿಮೆ ಅಂದ್ರು, ಈಗ ಜಾಸ್ತಿ ಅಂತ್ರು. ಯಾವುದು ನಂಬೂದು?"

ಕಷ್ಟದ ಪ್ರಶ್ನೆ. ಏಕೆಂದರೆ ಡೋಸ್ ಜಾಸ್ತಿಯಾಗುವ ಸಾಧ್ಯತೆ ನಿಜವಾಗಿಯೂ ಇತ್ತು. ಡಾಕ್ಟರೇ ಮೊದಲು ಹೇಳಿದ್ದರು. ರಾತ್ರಿ ಒಮ್ಮೊಮ್ಮೆ ಎದೆ ಹೊಡೆದುಕೊಳ್ಳುತ್ತದೆ ಎಂದು ಇವರೂ ಹೇಳಿದರು. ಆದರೆ ಅಷ್ಟು ಕೆಳಗೆ ಹೋದ ಟಿಎಸ್‌ಎಚ್‌ಗೆ ತಕ್ಕ ಬೇರೆ ಲಕ್ಷಣ ಇರಲಿಲ್ಲ. ತೂಕ ಏರುತ್ತಲೇ ಇತ್ತು. ಕೈ ನಡುಗುತ್ತಿರಲಿಲ್ಲ. ನಾಡಿ 82. ಬೇರೆ ಏನಾದರೂ ಹೊಸದಾಗಿ ತಗೊಳ್ತಾ ಇದ್ದೀರಾ ಎಂದು ಕೇಳಿದಾಗಲೇ ಕೂದಲಿನ ಮಾತ್ರೆ ಹೊರಗೆ ಬಂದದ್ದು. ರಕ್ತ ಕೊಟ್ಟ ದಿನ ಬೆಳಗ್ಗೆಯೂ ತಗೊಂಡಿದ್ದರು.

ಬಯೋಟಿನ್ ಥೈರಾಯ್ಡ್‌ಗೆ ಏನೂ ಮಾಡುವುದಿಲ್ಲ. ಅದು ಕೆಡಿಸುವುದು ಪರೀಕ್ಷೆಯನ್ನು. ಹಲವು ಲ್ಯಾಬ್ ಯಂತ್ರಗಳಲ್ಲಿ ಹಾರ್ಮೋನನ್ನು ಹಿಡಿಯುವ ಕೊಂಡಿ ಬಯೋಟಿನ್‌ನದ್ದೇ. ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಒಂದಕ್ಕೊಂದು ಗಟ್ಟಿಯಾಗಿ ಅಂಟುತ್ತವೆ, ಅದನ್ನೇ ಯಂತ್ರ ಬಳಸಿಕೊಳ್ಳುತ್ತದೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ಮೊದಲೇ ಹೋಗಿ ಸ್ಟ್ರೆಪ್ಟಾವಿಡಿನ್ ಜಾಗ ಹಿಡಿಯುತ್ತದೆ. ಆಗ ಯಂತ್ರಕ್ಕೆ ಸಿಗುವ ಬೆಳಕಿನ ಸಂಕೇತ ಕಡಿಮೆಯಾಗುತ್ತದೆ. ಟಿಎಸ್‌ಎಚ್ ಪರೀಕ್ಷೆಯಲ್ಲಿ ಸಂಕೇತ ಕಡಿಮೆ ಎಂದರೆ ಟಿಎಸ್‌ಎಚ್ ಕಡಿಮೆ. ಫ್ರೀ ಟಿ4 ಪರೀಕ್ಷೆಯ ರೀತಿ ತಿರುಗುಮುರುಗು, ಅಲ್ಲಿ ಸಂಕೇತ ಕಡಿಮೆಯಾದರೆ ಟಿ4 ಜಾಸ್ತಿ ಎಂದರ್ಥ. ಎರಡೂ ಸೇರಿದಾಗ ಥೈರಾಯ್ಡ್ ಜಾಸ್ತಿಯಾದವರ ರಿಪೋರ್ಟಿನ ಹಾಗೆಯೇ ಕಾಣುತ್ತದೆ. ಗ್ರೇವ್ಸ್‌ನ ಆಂಟಿಬಾಡಿ ಪರೀಕ್ಷೆಯೂ ಅದೇ ರೀತಿಯದ್ದಾದರೆ ಅದೂ ಸುಳ್ಳು ಪಾಸಿಟಿವ್ ಬರಬಹುದು. ಆಗ ತಪ್ಪು ಕಾಯಿಲೆಗೆ ಪೂರ್ತಿ ಸಾಕ್ಷಿ ಸಿಕ್ಕ ಹಾಗೆ.

ಇದು ಹೊಸ ವಿಷಯವಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರ್‌ನಲ್ಲೇ ಎಚ್ಚರಿಕೆ ಹೊರಡಿಸಿತ್ತು. ಹೃದಯಾಘಾತ ಪತ್ತೆ ಮಾಡುವ ಟ್ರೊಪೋನಿನ್ ಪರೀಕ್ಷೆಯೂ ಬಯೋಟಿನ್‌ನಿಂದ ತಪ್ಪಾಗಿ ಕಡಿಮೆ ಬರಬಹುದು ಎಂದು ಅದರಲ್ಲಿತ್ತು. ಆಮೇಲೆ ಕೆಲವು ಕಂಪನಿಗಳು ಈ ತೊಂದರೆ ಕಡಿಮೆ ಇರುವ ಹೊಸ ರೀಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ತಂದಿವೆ. ಎಲ್ಲ ಲ್ಯಾಬಿನಲ್ಲೂ ಅದೇ ಇರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ.

ನಮ್ಮ ಫಿಜಿಶಿಯನ್ ಫೋನಿನಲ್ಲೇ ಹೇಳಿದರು: ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ, ಕೂದಲಿನ ಮಾತ್ರೆ ನಿಲ್ಲಿಸಿ, ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಡಿ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ಬಿಡಬೇಕು ಎಂಬುದು ಸಾಮಾನ್ಯ ಸಲಹೆ. ಇವರು ತಗೊಳ್ಳುತ್ತಿದ್ದದ್ದು ಜಾಸ್ತಿ ಪ್ರಮಾಣವಾದ್ದರಿಂದ ವಾರ ಕಾಯಿಸಿದರು. ಎದೆ ಬಡಿತ ಜಾಸ್ತಿಯಾದರೆ ಕೂಡಲೇ ಬನ್ನಿ ಎಂದೂ ಹೇಳಿದರು.

ವಾರದ ಮೇಲೆ ಬಂದದ್ದು ಟಿಎಸ್‌ಎಚ್ 0.28, ಫ್ರೀ ಟಿ4 1.6. ಅಂದರೆ ಡೋಸ್ ಸ್ವಲ್ಪ ಜಾಸ್ತಿಯಾಗಿದ್ದು ನಿಜ. ಭಯ ಹುಟ್ಟಿಸುವಷ್ಟು ಅಲ್ಲ. ಉಳಿದದ್ದು ಬಯೋಟಿನ್ ಸೇರಿಸಿದ ಸುಳ್ಳು. ಆ ದಿನ ಮಾತ್ರೆ ಪೂರ್ತಿ ನಿಲ್ಲಿಸಿದ್ದರೆ, ಗ್ರಂಥಿಯೇ ಕೆಲಸ ಮಾಡದ ಈ ಅಕ್ಕ ಎರಡು ತಿಂಗಳಲ್ಲಿ ಮತ್ತೆ ಹಾಸಿಗೆ ಹಿಡಿಯುತ್ತಿದ್ದರು. 125ರಿಂದ 100 ಆಯಿತು, ಆರು ವಾರ ಬಿಟ್ಟು ನೋಡಿ 88 ಆಯಿತು. ಈಗ ತೂಕ 53 ಕಿಲೋ. 1.6ರಿಂದ ಗುಣಿಸಿ ನೋಡಿ, 85ರ ಹತ್ತಿರ ಬರುತ್ತದೆ. ಟಿಎಸ್‌ಎಚ್ 2.1, ಹಿಮೋಗ್ಲೋಬಿನ್ 12. ಮೂಳೆ ಸವೆದಿದೆಯಾ ಎಂದು ನೋಡುವ ಸ್ಕ್ಯಾನ್ ಬಾಕಿ ಇದೆ. ಕೂದಲು ಈಗ ತಾನಾಗಿಯೇ ಬರುತ್ತಿದೆ.

ನನ್ನ ಕೌಂಟರಿನಲ್ಲಿ ಇದರಿಂದ ಆದ ಬದಲಾವಣೆ ಹೇಳುತ್ತೇನೆ. ಥೈರಾಕ್ಸಿನ್ ಡೋಸ್ ಕಿಲೋಗೆ 2 ಮೈಕ್ರೋಗ್ರಾಂ ದಾಟಿದವರನ್ನು ಈಗ ಕೂರಿಸಿ ಮಾತಾಡುತ್ತೇನೆ. ಕಷಾಯ, ಕಬ್ಬಿಣ, ಕ್ಯಾಲ್ಸಿಯಂ, ಗ್ಯಾಸ್ ಮಾತ್ರೆ ಎಲ್ಲ ಕೇಳುತ್ತೇನೆ. ಜೊತೆಗೆ ತೂಕ ಇಳಿದು ರಕ್ತವೂ ಕಡಿಮೆ ಇದ್ದರೆ ಟಿಟಿಜಿ ಬಗ್ಗೆ ಡಾಕ್ಟರನ್ನು ಕೇಳಿ ಎಂದು ಚೀಟಿ ಬರೆದು ಕೊಡುತ್ತೇನೆ. ಬಯೋಟಿನ್ ಕೊಳ್ಳುವವರಿಗೆ, ಯಾವುದೇ ರಕ್ತ ಪರೀಕ್ಷೆಗೆ ಮೊದಲು ಇದನ್ನು ಲ್ಯಾಬಿನವರಿಗೆ ಹೇಳಿ ಎಂದು ತಿಳಿಸುತ್ತೇನೆ.

ಸೀಲಿಯಾಕ್ ಇದ್ದವರ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳಿಗೂ ಅದು ಬರುವ ಸಾಧ್ಯತೆ ಹೆಚ್ಚು. ಇವರ ಮಗಳ ಪರೀಕ್ಷೆ ಆಗಿದೆ, ಸದ್ಯಕ್ಕೆ ನೆಗೆಟಿವ್. ಮುಂದೆ ಬರಬಾರದು ಎಂದಿಲ್ಲ, ಆದ್ದರಿಂದ ಕೆಲವು ವರ್ಷಕ್ಕೊಮ್ಮೆ ನೋಡಬೇಕು. ಕುಮಟಾದಲ್ಲಿರುವ ಇವರ ಸ್ವಂತ ಅಕ್ಕನದು ಸ್ವಲ್ಪ ಗೋಜಲು. ಅವರಿಗೂ ಥೈರಾಯ್ಡ್ ಇದೆ, ಡೋಸ್ 125ಕ್ಕೆ ಹೋಗಿದೆ. ತಂಗಿಯ ಸುದ್ದಿ ಕೇಳಿದವರೇ ಹೆದರಿ ಗೋಧಿ ಬಿಟ್ಟುಬಿಟ್ಟಿದ್ದರು. ಈಗ ಪರೀಕ್ಷೆ ಮಾಡಿದರೆ ನಂಬುವ ಹಾಗಿಲ್ಲ. ಆರು ವಾರ ದಿನವೂ ಒಂದಕ್ಕಿಂತ ಜಾಸ್ತಿ ಊಟದಲ್ಲಿ ಗೋಧಿ ತಿಂದು, ಆಮೇಲೆ ರಕ್ತ ಕೊಡಲು ಹೇಳಿದ್ದಾರೆ. ಅವರಿಗೆ ಮನಸ್ಸಿಲ್ಲ. ಒಪ್ಪಿಸುವ ಕೆಲಸವನ್ನು ತಂಗಿಯೇ ವಹಿಸಿಕೊಂಡು ಈ ವಾರ ಕುಮಟಾಕ್ಕೆ ಹೋಗಿದ್ದಾರೆ.